ಪ್ರವಾಸ ಬ್ಲಾಗ್ ಯೋಜನೆ: ಎಲ್ಲಿಗೆ ಬಂತು, ಏನು ಬಾಕಿ

ತಿರುಗಾಟದ ಹುಚ್ಚು, ಬರೆಯುವ ಚಟ ಎರಡೂ ಇದ್ದವರಿಗೆ ಬ್ಲಾಗು ಶುರುಮಾಡುವುದು ಒಂದು ಸಂಜೆಯ ಕೆಲಸ. ಅದು ಅನ್ನ ಕೊಡುವ ಕಸುಬಾಗಬೇಕಾದರೆ ದುಡಿಮೆಯ ಬಹುಪಾಲು ಪುಟಗಳ ಪಾಲನೆಗೇ ಹೋಗುತ್ತದೆ. ಬರೆದ ಮಾಹಿತಿ ಇವತ್ತಿಗೂ ನಿಜವೇ, ಹುಡುಕಿದವರಿಗೆ ಸಿಗುತ್ತದೆಯೇ, ಸಿಕ್ಕಮೇಲೆ ಉಪಯೋಗಕ್ಕೆ ಬರುತ್ತದೆಯೇ ಎಂಬುದನ್ನು ನೋಡುತ್ತಲೇ ಇರಬೇಕು. ಕೆಳಗಿನ ದಾಖಲೆ ಆ ಲೆಕ್ಕದಲ್ಲೇ ಇದೆ.

ಅಡಿಪಾಯ: ಮುಗಿದಿದೆ

ಸ್ವಂತ ಡೊಮೇನ್ (ತಾಣದ ಹೆಸರು), ಸ್ವಂತ ಹೋಸ್ಟಿಂಗ್ (ತಾಣ ಇಡುವ ಜಾಗ), ತಾಣ ನಡೆಸುವ ತಂತ್ರಾಂಶವಾಗಿ ವರ್ಡ್‌ಪ್ರೆಸ್. ಹೆಸರಿನಲ್ಲಿ ಒಂದೇ ಊರು, ಒಂದೇ ದೇಶ ಬೇಡ. ನಾಳೆ ಅದೇ ಬೇಲಿಯಾಗುತ್ತದೆ. ವಿಳಾಸದಲ್ಲಿ ವರ್ಷ, ತಿಂಗಳು ಬರದಂತೆ ಪರ್ಮಾಲಿಂಕ್ (ಪುಟದ ಕಾಯಂ ವಿಳಾಸ) ನಮೂನೆಯನ್ನು ಮೊದಲ ದಿನವೇ ಬದಲಿಸಿಕೊಳ್ಳಬೇಕು. ಹಳೆಯ ವರ್ಷ ಹೊತ್ತ ವಿಳಾಸವನ್ನು ಕಂಡವರು ಒಳಗೆ ಎಷ್ಟು ತಿದ್ದಿದ್ದರೂ ಹಳಸಿದ್ದು ಎಂದುಕೊಳ್ಳುತ್ತಾರೆ. ಆಮೇಲೆ ಬದಲಿಸಲು ಹೊರಟರೆ ಪ್ರತಿ ಪುಟಕ್ಕೂ 301 ರೀಡೈರೆಕ್ಟ್, ಅಂದರೆ ಹಳೆಯ ವಿಳಾಸಕ್ಕೆ ಬಂದವರನ್ನು ಹೊಸದಕ್ಕೆ ಕಳುಹಿಸುವ ವ್ಯವಸ್ಥೆ ಬೇಕು.

ಕನ್ನಡದಲ್ಲಿ ಬರೆಯುವವರಿಗೆ ಇಲ್ಲೊಂದು ಕಾಣದ ಹಳ್ಳ ಇದೆ. ವರ್ಡ್‌ಪ್ರೆಸ್ ಶೀರ್ಷಿಕೆಯಿಂದಲೇ ವಿಳಾಸ ಕಟ್ಟುತ್ತದೆ. ಕನ್ನಡದ ಒಂದೊಂದು ಯುನಿಕೋಡ್ ಚಿಹ್ನೆ ಯುಟಿಎಫ್-8 ಎಂಬ ಸಂಕೇತ ಪದ್ಧತಿಯಲ್ಲಿ 3 ಬೈಟ್; ವಿಳಾಸದೊಳಗೆ ಅದು ಶೇಕಡಾ ಗುರುತುಗಳೂ ಸೇರಿ 9 ಅಕ್ಷರವಾಗುತ್ತದೆ. 'ರಸ್ತೆ' ಕಣ್ಣಿಗೆ ಎರಡೇ ಅಕ್ಷರ. ಒಳಗೆ ನೋಡಿದರೆ ರ, ಸ, ವಿರಾಮ (ಅರ್ಧಾಕ್ಷರದ ಗುರುತು), ತ, ಎತ್ವ ಹೀಗೆ ಐದು ಚಿಹ್ನೆ, ಅಂದರೆ 45 ಅಕ್ಷರ. ವಿಳಾಸದ ಈ ಭಾಗಕ್ಕೆ ವರ್ಡ್‌ಪ್ರೆಸ್‌ನಲ್ಲಿ 200 ಅಕ್ಷರದ ಮಿತಿ ಇರುವುದರಿಂದ ಸುಮಾರು 22 ಚಿಹ್ನೆ ಮುಗಿಯುತ್ತಲೇ ಶೀರ್ಷಿಕೆ ತುಂಡಾಗುತ್ತದೆ. ಒಂದೇ ಊರಿನ ಹೆಸರಿನಿಂದ ಶುರುವಾಗುವ ಎರಡು ಉದ್ದ ಶೀರ್ಷಿಕೆಗಳಿದ್ದರೆ ಎರಡನೆಯದರ ಬಾಲಕ್ಕೆ ಬರೀ '-2' ಅಂಟಿಕೊಳ್ಳುತ್ತದೆ. ಪ್ರಕಟಿಸುವ ಮೊದಲು ರೋಮನ್ ಲಿಪಿಯಲ್ಲಿ ಮೂರು-ನಾಲ್ಕು ಪದದ ವಿಳಾಸವನ್ನು ಕೈಯಾರೆ ಬರೆದರೆ ಈ ತಲೆನೋವೇ ಇಲ್ಲ.

ಗೂಗಲ್ ಹುಡುಕಾಟದಲ್ಲಿ ಪುಟಗಳು ಹೇಗೆ ಕಾಣುತ್ತಿವೆ ಎಂದು ತೋರಿಸುವ ಸರ್ಚ್ ಕನ್ಸೋಲ್ ಜೋಡಿಸಿದೆ. ಅದು 16 ತಿಂಗಳಿಗಿಂತ ಹಿಂದಿನ ಅಂಕಿಅಂಶ ತೋರಿಸುವುದಿಲ್ಲ, ಹಾಗಾಗಿ ಆಗಾಗ ಇಳಿಸಿಟ್ಟುಕೊಳ್ಳುವುದು.

ಟಿಪ್ಪಣಿ: ಎಲ್ಲಕ್ಕಿಂತ ಹೆಚ್ಚು ಸಮಯ ಇದಕ್ಕೇ

ಮನೆಗೆ ಬಂದು ಬರೆಯಲು ಕೂತಾಗ ಸೂರ್ಯಾಸ್ತ ನೆನಪಿರುತ್ತದೆ, ಕೊನೆಯ ಬಸ್ಸಿನ ಹೊತ್ತು ನೆನಪಿರುವುದಿಲ್ಲ. ಓದುಗರು ಹುಡುಕುವುದು ಎರಡನೆಯದನ್ನು.

ಪ್ರತಿ ತಾಣಕ್ಕೂ ಒಂದೇ ನಮೂನೆಯ ಟಿಪ್ಪಣಿ: ದರ, ನಗದೇ ಕಾರ್ಡೇ, ಮೊದಲ ಮತ್ತು ಕೊನೆಯ ವಾಹನ, ಎಷ್ಟು ಹೊತ್ತಿಗೊಂದು, ಎಲ್ಲಿ ನಿಲ್ಲಬೇಕು, ವಾರದ ರಜೆ, ಮೆಟ್ಟಿಲು, ನೆರಳು, ಕುಡಿಯುವ ನೀರು, ಶೌಚಾಲಯ, ನಿಲ್ಲದೆ ನಡೆದರೆ ಎಷ್ಟು ನಿಮಿಷ. ವೇಳಾಪಟ್ಟಿ, ದರಪಟ್ಟಿಗಳ ಫಲಕವನ್ನು ನೇರವಾಗಿ ನಿಂತು ಅಂಚಿನಿಂದ ಅಂಚಿಗೆ ಪೂರ್ತಿ ಹಿಡಿಯಬೇಕು. ಅರ್ಧ ಫಲಕದಲ್ಲಿ ತಪ್ಪಿಹೋಗುವುದು ಸಾಮಾನ್ಯವಾಗಿ 'ರಜಾದಿನಗಳಲ್ಲಿ ಇಲ್ಲ' ಎಂಬ ಅಡಿಟಿಪ್ಪಣಿಯೇ!

ಪ್ರತಿ ಸಾಲಿನ ಮುಂದೆ ಒಂದು ಗುರುತು: ಕಂಡದ್ದು, ಕೇಳಿದ್ದು, ಓದಿದ್ದು. ಕಂಡದ್ದನ್ನು ಮಾತ್ರ ಹಾಗೇ ಬರೆಯಬಹುದು. ಕೇಳಿದ್ದಕ್ಕೆ ಯಾರು ಹೇಳಿದರೆಂದು ಬರೆಯಬೇಕು, ಹೆಸರು ಬೇಡ, ಟಿಕೆಟ್ ಕೌಂಟರಿನವರೋ ದಾರಿಹೋಕರೋ ಅಂದರೆ ಸಾಕು. ಓದಿದ್ದನ್ನು ಮೂಲದ ಅಧಿಕೃತ ಪುಟದಲ್ಲಿ ಮತ್ತೆ ನೋಡದೆ ಬಳಸುವಂತಿಲ್ಲ. ಒಬ್ಬರ ತಪ್ಪು ಹತ್ತು ಬ್ಲಾಗುಗಳಿಗೆ ಹಬ್ಬುವುದು ಈ ಮೂರನೆಯ ದಾರಿಯಲ್ಲೇ.

ಫೋನಿನಲ್ಲಿ ಜಿಪಿಎಕ್ಸ್ ಜಾಡು (ಹೋದ ದಾರಿಯ ಸಮಯಸಹಿತ ದಾಖಲೆ) ಉಳಿಸಿಕೊಂಡು, ಆಮೇಲೆ ಕ್ಯಾಮೆರಾದ ಚಿತ್ರಗಳಿಗೆ ಸ್ಥಳ ಜೋಡಿಸುವವರು ಗಡಿಯಾರದ ಬಗ್ಗೆ ಎಚ್ಚರವಾಗಿರಬೇಕು. ಜೋಡಣೆ ನಡೆಯುವುದು ಸಮಯದ ಆಧಾರದ ಮೇಲೆ. ಗಂಟೆಗೆ 60 ಕಿ.ಮೀ. ವೇಗದ ಬಸ್ಸಿನಲ್ಲಿದ್ದಾಗ ಕ್ಯಾಮೆರಾ ಒಂದು ಗಂಟೆ ಹಿಂದಿದ್ದರೆ ಚಿತ್ರ 60 ಕಿ.ಮೀ. ಆಚೆ ಹೋಗಿ ಕೂರುತ್ತದೆ. ಪರಿಹಾರ ಸುಲಭ: ದಿನದ ಮೊದಲ ಚಿತ್ರವಾಗಿ ಫೋನಿನ ಗಡಿಯಾರವನ್ನೇ, ಸೆಕೆಂಡು ಕಾಣುವಂತೆ, ಕ್ಯಾಮೆರಾದಲ್ಲಿ ಹಿಡಿಯುವುದು. ವ್ಯತ್ಯಾಸ ಎಷ್ಟೆಂದು ತಿಳಿದರೆ ಅವತ್ತಿನ ಎಲ್ಲ ಚಿತ್ರಗಳನ್ನೂ ಒಟ್ಟಿಗೆ ಸರಿಪಡಿಸಬಹುದು.

ಪುಟಗಳು: ನಡೆಯುತ್ತಿದೆ

ಹತ್ತು ಊರಿಗೆ ಒಂದೊಂದು ಲೇಖನ ಬರೆಯುವುದಕ್ಕಿಂತ ಒಂದು ಪ್ರದೇಶಕ್ಕೆ ಹತ್ತು ಲೇಖನ ಲೇಸು. ತಲುಪುವ ದಾರಿ, ಎಷ್ಟು ದಿನ ಬೇಕು, ಯಾವ ಭಾಗದಲ್ಲಿ ತಂಗಬೇಕು, ಯಾವ ತಿಂಗಳು, ಮಕ್ಕಳು-ಹಿರಿಯರ ಜತೆ ಹೇಗೆ: ಒಂದೊಂದಕ್ಕೂ ಬೇರೆ ಪುಟ, ಒಂದರಿಂದ ಇನ್ನೊಂದಕ್ಕೆ ಕೊಂಡಿ. ಆದರೆ ಒಂದೇ ಪ್ರಶ್ನೆಗೆ ಎರಡು ಪುಟ ಇರಬಾರದು. ಇದ್ದರೆ ಹುಡುಕಾಟದಲ್ಲಿ ಅವು ಪರಸ್ಪರ ಕಾಲೆಳೆಯುತ್ತವೆ. ಸರ್ಚ್ ಕನ್ಸೋಲಿನಲ್ಲಿ ಒಂದು ಪ್ರಶ್ನೆ ಆರಿಸಿ 'ಪುಟಗಳು' ಎಂಬಲ್ಲಿ ಒತ್ತಿ, ಎರಡು ವಿಳಾಸಗಳು ಸರದಿಯಂತೆ ಮೇಲೆ ಕೆಳಗೆ ಆಡುತ್ತಿದ್ದರೆ ಒಂದನ್ನು ಇನ್ನೊಂದರಲ್ಲಿ ಬೆರೆಸಿ ರೀಡೈರೆಕ್ಟ್ ಮಾಡುವುದು.

ವಾಕ್ಯದ ಮಟ್ಟದಲ್ಲಿ ಏನು ಬದಲಾಗಬೇಕು? 'ಬೆಳಗ್ಗೆ ಬೇಗ ಹೋದರೆ ಒಳ್ಳೆಯದು' ಎಂದರೆ ಯಾರಿಗೂ ಉಪಯೋಗವಿಲ್ಲ. 'ಬಾಗಿಲು ತೆರೆಯುವುದು 8ಕ್ಕೆ, ಪ್ರವಾಸಿ ಬಸ್ಸುಗಳು ಬರುವುದು 9:30ರ ಮೇಲೆ. ಮುಂಭಾಗ ಪೂರ್ವಕ್ಕಿರುವುದರಿಂದ ಬೆಳಕೂ ಆ ನಡುವಿನ ಹೊತ್ತಿನಲ್ಲೇ ಚೆನ್ನ' ಎಂದರೆ ಓದುಗರು ಅಲಾರಂ ಇಡುತ್ತಾರೆ.

ಗೂಗಲ್ 2022ರ ಡಿಸೆಂಬರಿನಲ್ಲಿ ತನ್ನ ಗುಣಮಟ್ಟದ ಮಾರ್ಗಸೂಚಿಗೆ ನೇರ ಅನುಭವ ಎಂಬ ಅಂಶವನ್ನೂ ಸೇರಿಸಿತು. 2024ರ ಮೇ ತಿಂಗಳಿನಿಂದ ಎಐ ಸಾರಾಂಶಗಳು ಫಲಿತಾಂಶದ ತಲೆಯ ಮೇಲೇ ಬರತೊಡಗಿದವು. ಬರೀ ತೆರೆಯುವ ವೇಳೆ ಹೇಳುವ ಪುಟಕ್ಕೆ ಇನ್ನು ಭವಿಷ್ಯವಿಲ್ಲ. ಮೇಲಿನ ವಾಕ್ಯದ ಹಾಗೆ ಮೂರು ಸಂಗತಿ ಸೇರಿಸಿ ಒಂದು ತೀರ್ಮಾನ ಕೊಡುವ ಪುಟಕ್ಕೆ ಇನ್ನೂ ಇದೆ.

ಲಹರಿ ಬರಹ ಬಿಡಬೇಕಿಲ್ಲ, ಬೇರೆ ಪುಟವಾಗಿರಲಿ. ಟಿಕೆಟ್ ದರ ಹುಡುಕಿಕೊಂಡು ಬಂದವರ ಮುಂದೆ ಮಂಜಿನ ವರ್ಣನೆ ಇಟ್ಟರೆ ಓದುವವರಿಗೂ ಬರೆದವರಿಗೂ ನಷ್ಟ.

ಚಿತ್ರಗಳು: ಮುಗಿದಿದೆ

ಅಗಲ 1600 ಪಿಕ್ಸೆಲ್, ಕಡತದ ಬಗೆ ವೆಬ್‌ಪಿ, 200 ಕೆಬಿ ಒಳಗೆ. ಮೊದಲ ಚಿತ್ರಕ್ಕೆ ಲೇಜಿ ಲೋಡಿಂಗ್ (ಓದುಗರು ಹತ್ತಿರ ಬಂದಾಗಷ್ಟೇ ಚಿತ್ರ ಇಳಿಸುವ ಕ್ರಮ) ಹಾಕಬಾರದು. ಪುಟದ ದೊಡ್ಡ ಭಾಗ 2.5 ಸೆಕೆಂಡಿನೊಳಗೆ ಕಾಣಬೇಕೆಂಬ ಗುರಿ ತಪ್ಪಲು ಇದೂ ಒಂದು ಕಾರಣ. ಉಳಿದವಕ್ಕೆ ಹಾಕಬಹುದು. ಅಗಲ-ಎತ್ತರ ನಮೂದಿಸದಿದ್ದರೆ ಓದುತ್ತಿದ್ದ ಸಾಲು ಜಿಗಿಯುತ್ತದೆ. ಪ್ರಕಟಣೆಯ ಪ್ರತಿಯಿಂದ ಜಿಪಿಎಸ್ ಮಾಹಿತಿ ಅಳಿಸುವುದು ಕಡ್ಡಾಯ: ಆತಿಥೇಯರ ಮನೆ, ಹಕ್ಕಿಗೂಡು ಎರಡಕ್ಕೂ ಅದು ಅಪಾಯ.

ಆದಾಯ: ಅರ್ಧ ಮುಗಿದಿದೆ

ಅಫಿಲಿಯೇಟ್, ಅಂದರೆ ನಮ್ಮ ಕೊಂಡಿಯ ಮೂಲಕ ಯಾರಾದರೂ ಕೊಂಡರೆ ಸಿಗುವ ಕಮಿಷನ್ನಿನ ಲೆಕ್ಕವನ್ನು ಮೊದಲೇ ಕಾಗದದ ಮೇಲೆ ಹಾಕಿ ನೋಡಬೇಕು. 1000 ಓದುಗರು ಬಂದರು, ಶೇ. 3 ಮಂದಿ ಕೊಂಡಿ ಒತ್ತಿದರು, ಅವರಲ್ಲಿ ಶೇ. 2 ಮಂದಿ ಕೊಂಡರು ಎಂದುಕೊಳ್ಳಿ. 30 ಒತ್ತು, 0.6 ಮಾರಾಟ. ಒಂದೂ ಪೂರ್ತಿಯಾಗಲಿಲ್ಲ. ಹಾಗಾಗಿ ಕೊಂಡಿಗಳು ಎಲ್ಲ ಪುಟದಲ್ಲೂ ಬೇಡ. ಎಲ್ಲಿ ತಂಗಬೇಕು, ಏನು ಒಯ್ಯಬೇಕು ಎಂದು ಹಣ ಖರ್ಚು ಮಾಡಲು ಸಿದ್ಧರಾಗಿ ಬರುವವರ ಪುಟಗಳಲ್ಲಿ ಮಾತ್ರ. ಅಂಥ ಕೊಂಡಿಗೆ 'ಸ್ಪಾನ್ಸರ್ಡ್' ಗುರುತು ಹಾಕಿ, ಕಮಿಷನ್ ಬರುತ್ತದೆಂಬ ಮಾತನ್ನು ಪುಟದ ಮೇಲ್ಭಾಗದಲ್ಲೇ ಹೇಳಬೇಕು.

ಜಾಹೀರಾತಿನ ಆದಾಯ ಸಾವಿರ ವೀಕ್ಷಣೆಗೆ ಇಷ್ಟೆಂದು ಬರುತ್ತದೆ. ಓದುಗರ ದೇಶ, ತಿಂಗಳು ಎರಡರ ಮೇಲೂ ಏರಿಳಿಯುತ್ತದೆ. ವರ್ಷಾಂತ್ಯದ ಬಜೆಟ್ ತೀರಿದ ಮೇಲೆ ಜನವರಿಯಲ್ಲಿ ದರ ಕುಸಿಯುವುದು ಮಾಮೂಲು. ಅದನ್ನು ಕಂಡು ಪುಟದ ತುಂಬ ಜಾಹೀರಾತು ತುರುಕುವುದು ಕೆಟ್ಟ ಔಷಧ.

ಉಚಿತ ವಾಸ್ತವ್ಯದ ಆಹ್ವಾನ ಬಂದಾಗ ಬರಹದಲ್ಲೇ ಒಪ್ಪಂದ ಇರಲಿ: ಎಷ್ಟು ಲೇಖನ, ಎಷ್ಟು ಚಿತ್ರ, ಅವರು ಆ ಚಿತ್ರಗಳನ್ನು ಎಷ್ಟು ಕಾಲ ಬಳಸಬಹುದು, ರದ್ದಾದರೆ ಟಿಕೆಟ್ ಖರ್ಚು ಯಾರದು. ಅಭಿಪ್ರಾಯಕ್ಕೆ ಅವರ ಅನುಮೋದನೆ ಬೇಕೆಂಬ ಷರತ್ತಿದ್ದರೆ ಬಿಟ್ಟುಬಿಡುವುದೇ ವಾಸಿ. ಬರಹಕ್ಕೆ ಬದಲಾಗಿ ಕೊಠಡಿ ಪಡೆಯುವುದನ್ನೂ ಕೆಲವು ದೇಶಗಳು ಕೆಲಸವೆಂದೇ ಎಣಿಸಬಹುದು. ಪ್ರವಾಸಿ ವೀಸಾದಲ್ಲಿ ಅದಕ್ಕೆ ಅವಕಾಶ ಉಂಟೇ ಎಂದು ದೂತಾವಾಸದಲ್ಲಿ ಮೊದಲೇ ಕೇಳಿಕೊಳ್ಳಬೇಕು.

ಬಾಕಿ

ಪುಟಗಳ ತಪಾಸಣೆ ಪಟ್ಟಿ ಅರ್ಧ ತುಂಬಿದೆ: ಪುಟ, ಹಳಸುವ ಸಂಗತಿ, ಕೊನೆಗೆ ನೋಡಿದ ದಿನ. ದರ, ವೇಳಾಪಟ್ಟಿಗಳು ಆರು ತಿಂಗಳಿಗೊಮ್ಮೆ. ಋತುವಿನ ಪುಟಗಳು ಆ ಋತುವಿಗೆ ಎರಡು-ಮೂರು ತಿಂಗಳು ಮುಂಚೆ, ಜನ ಯೋಜನೆ ಹಾಕುವ ಹೊತ್ತಿಗೆ. ಒಳಗೆ ಏನೂ ತಿದ್ದದೆ ದಿನಾಂಕ ಮಾತ್ರ ಹೊಸದು ಮಾಡುವುದು ಮೋಸ. ಹುಡುಕಾಟದ ಫಲಿತಾಂಶದಲ್ಲಿ ಸರಾಸರಿ ಸ್ಥಾನ 8ರಿಂದ 20ರೊಳಗೆ ಇದ್ದು ಹೆಚ್ಚು ಬಾರಿ ಕಾಣಿಸಿಕೊಳ್ಳುವ ಪುಟಗಳಿಗೆ ಮೊದಲ ಸರದಿ. ಸ್ವಲ್ಪ ತಿದ್ದಿದರೂ ಫಲ ಅಲ್ಲೇ ಬೇಗ.

ಇಮೇಲ್ ಪತ್ರಿಕೆಗೆ, ಕಳುಹಿಸಿದವರ ಗುರುತು ಖಾತ್ರಿಪಡಿಸುವ ವ್ಯವಸ್ಥೆಗಳಲ್ಲಿ ಎಸ್‌ಪಿಎಫ್, ಡಿಕೆಐಎಂ ಆಗಿದೆ, ಡಿಮಾರ್ಕ್ ಆಗಬೇಕು. 2024ರ ಫೆಬ್ರವರಿಯಿಂದ ಜಿಮೇಲ್, ಯಾಹೂ ಎರಡೂ ಸಗಟು ಕಳುಹಿಸುವವರಿಗೆ ಇವನ್ನು ಕಡ್ಡಾಯ ಮಾಡಿವೆ. ಬ್ಯಾಕಪ್ ತಾನಾಗಿ ಆಗುತ್ತಿದೆ, ಬೇರೆ ಸರ್ವರಿನಲ್ಲಿ ಅದನ್ನು ಮರಳಿ ತೆರೆದು ನೋಡುವುದು ಬಾಕಿ.