ಯಾವ ಫ್ರೇಮ್‌ವರ್ಕ್ ಅಂತ ಕೇಳುವವರಿಗೆ

ರಿಯಾಕ್ಟ್ ಕಲಿಯಲಾ, ವ್ಯೂ ಕಲಿಯಲಾ, ಆಂಗ್ಯುಲರ್ ಈಗಲೂ ನಡೀತಿದೆಯಾ? ವೆಬ್ ಅಪ್ಲಿಕೇಶನ್ ಕಟ್ಟುವ ಈ ಕೆಲಸಕ್ಕೆ ಹೊಸದಾಗಿ ಬಂದ ಹುಡುಗ ಹುಡುಗಿಯರು ನನ್ನನ್ನು ಪದೇ ಪದೇ ಕೇಳುವ ಪ್ರಶ್ನೆ ಇದು. ಇವೆಲ್ಲ ಫ್ರೇಮ್‌ವರ್ಕ್‌ಗಳು, ಅಂದರೆ ಬ್ರೌಸರ್‌ನಲ್ಲಿ ಓಡುವ ಸ್ಕ್ರೀನ್‌ಗಳನ್ನು ಕಟ್ಟಲು ನೆರವಾಗುವ ಸಿದ್ಧ ಜಾವಾಸ್ಕ್ರಿಪ್ಟ್ ಕೋಡ್. ಫೋನಿನಲ್ಲಿ ಎರಡು ಮಾತಲ್ಲಿ ಹೇಳಿ ಮುಗಿಸುವ ವಿಷಯ ಅಲ್ಲ. ಹಾಗಾಗಿ ಕಳೆದ ಸಲ ನಾವು ಹೇಗೆ ಆರಿಸಿದೆವು ಅನ್ನುವುದನ್ನೇ ಇಲ್ಲಿ ಬರೆಯುತ್ತೇನೆ.

ಶಿರಸಿ ಕಡೆಯ ಒಂದು ಅಡಿಕೆ ಸಹಕಾರಿ ಸಂಘದ ಕೆಲಸ. ನಾವು ಮೂರು ಜನ. ಬೆಳೆಗಾರರು ಅಡಿಕೆ ತರುತ್ತಾರೆ, ಚೀಲ ತೂಗಬೇಕು, ಖಾಲಿ ಚೀಲದ ತೂಕ ಕಳೆದು ನಿವ್ವಳ ತೂಕ ತೋರಿಸಬೇಕು, ಚಾಲಿಯೋ ರಾಶಿಯೋ ಬೆಟ್ಟೆಯೋ ಕೆಂಪುಗೋಟೋ ಅಂತ ಅಡಿಕೆಯ ಬಗೆ ಗುರುತು ಹಾಕಬೇಕು, ಲಾಟ್ ನಂಬರ್ ಕೊಡಬೇಕು, ಟೆಂಡರ್ ದರ ಬಂದ ಮೇಲೆ ಅದೇ ಸಾಲಿನಲ್ಲಿ ಮೊತ್ತವೂ ಕಾಣಬೇಕು. ಒಂದು ಚೀಲದ ತೂಕ ತಿದ್ದಿದರೆ ಸ್ಕ್ರೀನಿನಲ್ಲಿ ನಾಲ್ಕು ಕಡೆ ಅಂಕಿ ಬದಲಾಗಬೇಕು. ಫ್ರೇಮ್‌ವರ್ಕ್ ಬೇಕಾಗುವುದು ಇಂಥ ಜಾಗದಲ್ಲಿ.

ಅದೇ ಸಂಘದ ದಿನದ ದರದ ಪುಟಕ್ಕೆ ನಾವು ಯಾವ ಫ್ರೇಮ್‌ವರ್ಕನ್ನೂ ಹಾಕಲಿಲ್ಲ. ಸರ್ವರ್‌ನಿಂದಲೇ ಸಾದಾ ಎಚ್‌ಟಿಎಂಎಲ್ ಬರುತ್ತದೆ, ಒಂದು ಟೇಬಲ್, ಅಷ್ಟೇ. ದರ ನೋಡುವವರು ತೋಟದಲ್ಲಿ ನಿಂತು ನೋಡುತ್ತಾರೆ. ಅಲ್ಲಿ ಒಂದು ಟೇಬಲ್ ತೋರಿಸಲು ಜಾವಾಸ್ಕ್ರಿಪ್ಟ್ ಹೊರೆ ಯಾಕೆ? ಎಷ್ಟೋ ಪ್ರಾಜೆಕ್ಟ್‌ಗಳಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳುವುದೇ ಇಲ್ಲ ಅನ್ನುವುದು ನನಗೆ ನಿಜಕ್ಕೂ ಬೇಸರದ ವಿಷಯ.

ಆರಿಸುವಾಗ ನನ್ನ ತಲೆಯಲ್ಲಿ ಒಂದು ಹಳೆಯ ಗಾಯವೂ ಇತ್ತು. ಹಿಂದೆ ಕೆಲಸ ಮಾಡಿದ ಕಡೆ ಆಂಗ್ಯುಲರ್‌ಜೆಎಸ್‌ನಲ್ಲಿ ಬರೆದ ದೊಡ್ಡ ಅಪ್ಲಿಕೇಶನ್ ಒಂದು ನನ್ನ ಕೈಗೆ ಬಂತು. 2010ರಲ್ಲಿ ಬಂದ ಫ್ರೇಮ್‌ವರ್ಕ್ ಅದು. 2016ರ ಸೆಪ್ಟೆಂಬರ್‌ನಲ್ಲಿ ಆಂಗ್ಯುಲರ್ 2 ಬಂದಾಗ ಹೆಸರು ಅದೇ, ಒಳಗೆ ಪೂರ್ತಿ ಬೇರೆ. ಹಳೆಯದನ್ನೂ ಹೊಸದನ್ನೂ ಜೊತೆಗೆ ಓಡಿಸುವ ದಾರಿ ಇತ್ತು. ಆದರೂ ಕೊನೆಗೆ ಒಂದೊಂದೇ ಸ್ಕ್ರೀನ್ ಹೊಸದಾಗಿ ಬರೆಯಲೇಬೇಕು. ಅದಕ್ಕೆ ಸಮಯ ಕೊಡಿ ಅಂತ ಕೇಳಿದಾಗಲೆಲ್ಲ ಮುಂದಿನ ತಿಂಗಳು ನೋಡೋಣ ಅನ್ನುವ ಉತ್ತರ. 2021ರ ಡಿಸೆಂಬರ್ 31ಕ್ಕೆ ಆಂಗ್ಯುಲರ್‌ಜೆಎಸ್ ಬೆಂಬಲ ನಿಂತಿತು, ನಮ್ಮ ಅಪ್ಲಿಕೇಶನ್ ಮಾತ್ರ ಇದ್ದಲ್ಲೇ ಇತ್ತು. ಅಲ್ಲಿಂದ ಮುಂದೆ ಯಾವ ಫ್ರೇಮ್‌ವರ್ಕ್ ನೋಡಿದರೂ ಇವರು ಹಳೆಯ ಕೋಡನ್ನು ಹೇಗೆ ನಡೆಸಿಕೊಂಡು ಬಂದಿದ್ದಾರೆ ಅಂತಲೇ ನಾನು ಮೊದಲು ಹುಡುಕುವುದು. ರಿಯಾಕ್ಟ್ ಈ ವಿಷಯದಲ್ಲಿ ಚೆನ್ನಾಗಿದೆ. 2019ರ ಫೆಬ್ರವರಿಯಲ್ಲಿ ಹುಕ್ಸ್ ಅನ್ನುವ ಹೊಸ ವಿಧಾನ ಬಂದು ಎಲ್ಲರ ಬರೆಯುವ ರೀತಿಯೇ ಬದಲಾಯಿತು, ಆದರೆ ಹಳೆಯ ರೀತಿಯಲ್ಲಿ ಬರೆದ ಕ್ಲಾಸ್ ಕಾಂಪೊನೆಂಟ್‌ಗಳು (ಕಾಂಪೊನೆಂಟ್ ಅಂದರೆ ಸ್ಕ್ರೀನಿನ ಒಂದು ತುಂಡು) ಈಗಲೂ ಓಡುತ್ತವೆ. ವ್ಯೂ 2ರಿಂದ 3ಕ್ಕೆ ಹೋಗುವಾಗ ಜನ ಸ್ವಲ್ಪ ಜಾಸ್ತಿಯೇ ಕಷ್ಟಪಟ್ಟರು. 2020ರಲ್ಲಿ ಹೊಸದು ಬಂತು, 2023ರ ಕೊನೆಗೆ ಹಳೆಯದರ ಬೆಂಬಲ ಮುಗಿಯಿತು. ಈಗಿನ ಆಂಗ್ಯುಲರ್ ಬಗ್ಗೆಯೂ ನ್ಯಾಯವಾಗಿ ಹೇಳಬೇಕು. ಅಪ್‌ಡೇಟ್ ಮಾಡುವ ಕಮಾಂಡನ್ನು ಅವರೇ ಕೊಡುತ್ತಾರೆ, ಅದು ಕೋಡನ್ನೂ ಸುಮಾರು ಮಟ್ಟಿಗೆ ತಾನೇ ತಿದ್ದುತ್ತದೆ.

ಇಂಟರ್ನೆಟ್ಟಿನಲ್ಲಿ ಸಿಗುವ ವೇಗದ ಪಟ್ಟಿಗಳನ್ನು ನಾವು ನೋಡಲೇ ಇಲ್ಲ. ನಮ್ಮ ಅತಿ ಕಷ್ಟದ ಸ್ಕ್ರೀನ್ ಯಾವುದು ಅಂತ ಕೂತು ಮಾತಾಡಿದೆವು. ಲಾಟ್ ನಮೂದಿಸುವ ಸ್ಕ್ರೀನ್ ಅಂತ ಮೂವರೂ ಒಪ್ಪಿದೆವು. ಅದೊಂದನ್ನೇ ರಿಯಾಕ್ಟ್, ವ್ಯೂ, ಸ್ವೆಲ್ಟ್, ಆಂಗ್ಯುಲರ್ ನಾಲ್ಕರಲ್ಲೂ ಕಟ್ಟುವುದು, ಒಂದೊಂದಕ್ಕೆ ಎರಡು ದಿನ. ಎರಡು ದಿನದಲ್ಲಿ ಎಲ್ಲಿಗೆ ಬರುತ್ತದೋ ಅಲ್ಲಿಗೆ ನಿಲ್ಲಿಸುವುದು. ಅದನ್ನು ನಮ್ಮ ಲ್ಯಾಪ್‌ಟಾಪ್‌ನಲ್ಲಿ ನೋಡಿ ತೃಪ್ತಿಪಡದೆ ಸಂಘದ ವಖಾರಿಗೆ (ಗೋದಾಮಿಗೆ) ಹೋಗಿ ಅಲ್ಲಿನ ಫೋನ್‌ಗಳಲ್ಲೇ ತೆರೆಸಿದೆವು. ಮೂರು ಜಿಬಿ ರ‍್ಯಾಮಿನ ಆಂಡ್ರಾಯ್ಡ್ ಫೋನ್‌ಗಳು, ದಪ್ಪ ಗೋಡೆ, ಒಳಗೆ ಹೋದರೆ ಸಿಗ್ನಲ್ ಇಲ್ಲ.

ಅಲ್ಲಿ ನಡೆದದ್ದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ತೂಕದ ಹತ್ತಿರ ಕೂರುವ ಹಿರಿಯರಿಗೆ ವ್ಯೂನಲ್ಲಿ ಕಟ್ಟಿದ್ದನ್ನು ಕೊಟ್ಟೆವು. ಬೆಳೆಗಾರರ ಹೆಸರು ಹುಡುಕುವ ಜಾಗದಲ್ಲಿ ಅವರು ಕನ್ನಡದಲ್ಲೇ ಹೆಗಡೆ ಅಂತ ಹೊಡೆದರು. ಕೆಳಗಿನ ಪಟ್ಟಿ ಅಲ್ಲಾಡಲಿಲ್ಲ. "ಹೆಗಡೆ ಅಂದ್ರೂ ಯಾರೂ ಬರ್ಲಿಲ್ಲ ಮಾರಾಯ್ರೆ" ಅಂದರು. ಶಿರಸಿಯಲ್ಲಿ ಹೆಗಡೆ ಅಂದರೆ ಯಾರೂ ಬರಲಿಲ್ಲ ಅಂದರೆ ಏನೋ ತಪ್ಪಾಗಿದೆ ಅಂತಲೇ ಅರ್ಥ ಅಲ್ವಾ! ಹೆಸರು ಹೊಡೆದಾದ ಮೇಲೆ ಒಂದು ಸ್ಪೇಸ್ ಒತ್ತಿದ ತಕ್ಷಣ ಪಟ್ಟಿ ಪೂರ್ತಿ ಬಂತು.

ಕಾರಣ ಹೀಗಿದೆ. ಫೋನಿನ ಕೀಬೋರ್ಡ್ ಒಂದು ಪದ ಮುಗಿಯುವವರೆಗೆ ಅದನ್ನು ಕೈಯಲ್ಲಿ ಹಿಡಿದುಕೊಂಡಿರುತ್ತದೆ. ಪದದ ಕೆಳಗೆ ಗೆರೆ ಕಾಣುತ್ತದಲ್ಲ, ಅದೇ. ಬ್ರೌಸರ್‌ ಲೆಕ್ಕದಲ್ಲಿ ಆ ಪದ ಇನ್ನೂ ಕಂಪೋಸಿಷನ್ ಹಂತದಲ್ಲಿದೆ. ಹೊಡೆದದ್ದನ್ನು ಡೇಟಾಕ್ಕೆ ಜೋಡಿಸುವ ವ್ಯೂನ ವಿ-ಮಾಡೆಲ್ ಆ ಹಂತ ಮುಗಿಯುವವರೆಗೆ ಕಾಯುತ್ತದೆ, ಹಾಗಂತ ಅವರ ದಾಖಲೆಯಲ್ಲೇ ಬರೆದಿದೆ. ಚೀನೀ, ಜಪಾನಿ ಬರೆಯುವವರಿಗೆ ಇದು ಸರಿಯಾದ ನಡವಳಿಕೆ, ಅರ್ಧ ಬರೆದ ಅಕ್ಷರಕ್ಕೆ ಹುಡುಕಾಟ ಶುರುವಾಗುವುದಿಲ್ಲ. ನಮಗೆ ಮಾತ್ರ ತೊಂದರೆ. ವಿ-ಮಾಡೆಲ್ ತೆಗೆದು, ಅಕ್ಷರ ಹೊಡೆದಾಗಲೆಲ್ಲ ಬ್ರೌಸರ್ ಕೊಡುವ ಇನ್‌ಪುಟ್ ಇವೆಂಟನ್ನು ನಾವೇ ಹಿಡಿದು ಮೌಲ್ಯ ಹಾಕಿದರೆ ಸರಿಹೋಗುತ್ತದೆ, ಎರಡೇ ಸಾಲು. ರಿಯಾಕ್ಟ್‌ನಲ್ಲಿ ಬದಲಾವಣೆ ಹಿಡಿಯುವ ಆನ್‌ಚೇಂಜ್ ಪ್ರತಿ ಅಕ್ಷರಕ್ಕೂ ಓಡುವುದರಿಂದ ಈ ಪ್ರಶ್ನೆಯೇ ಏಳಲಿಲ್ಲ. ಆಂಗ್ಯುಲರ್ ಇನ್ನೂ ಒಂದು ಹೆಜ್ಜೆ ಮುಂದೆ. ಅದು ಫೋನ್ ಆಂಡ್ರಾಯ್ಡ್ ಆಗಿದೆಯಾ ಅಂತ ನೋಡಿ, ಆಗಿದ್ದರೆ ಕಾಯುವುದನ್ನು ಬಿಡುತ್ತದೆ. ಯಾರೋ ಒಬ್ಬರು ಎಲ್ಲೋ ಕೂತು ಇದನ್ನು ಯೋಚಿಸಿದ್ದಾರಲ್ಲ ಅಂತ ನನಗೆ ಖುಷಿಯಾಯಿತು. ನಮ್ಮ ಭಾಷೆಯಲ್ಲಿ ಕೆಲಸ ಮಾಡುವ ಅಪ್ಲಿಕೇಶನ್ ಕಟ್ಟುವವರು ಮೊದಲ ದಿನವೇ ಫೋನಿನಲ್ಲಿ ಕನ್ನಡ ಹೊಡೆದು ನೋಡಬೇಕು. ಇಂಗ್ಲಿಷ್‌ನಲ್ಲಿ ಲ್ಯಾಪ್‌ಟಾಪ್ ಕೀಬೋರ್ಡ್ ಒತ್ತಿ ನೋಡಿದರೆ ಇದು ಯಾವತ್ತೂ ಕಣ್ಣಿಗೆ ಬೀಳುವುದಿಲ್ಲ.

ಎರಡನೆಯದು ಸಾಲುಗಳ ಸಂಖ್ಯೆ. ಸುಗ್ಗಿಯಲ್ಲಿ ಪಟ್ಟಿ ಉದ್ದ ಆಗುತ್ತದೆ, ನಾವು 400 ಸಾಲು ಇಟ್ಟು ನೋಡಿದೆವು. ರಿಯಾಕ್ಟ್‌ನಲ್ಲಿ ಮೇಲಿನ ಕಾಂಪೊನೆಂಟ್ ಮತ್ತೆ ಓಡಿದರೆ ಅದರ ಒಳಗಿರುವ ಕಾಂಪೊನೆಂಟ್‌ಗಳೂ ಮತ್ತೆ ಓಡುತ್ತವೆ, ಬೇಡ ಅಂದರೆ ಬದಲಾಗದ್ದನ್ನು ಬಿಟ್ಟುಬಿಡು ಅನ್ನುವ ಮೆಮೋ ಹಾಕಿ ನಾವೇ ತಡೆಯಬೇಕು. ವ್ಯೂನಲ್ಲಿ ತನಗೆ ಬಂದ ಮೌಲ್ಯ ಬದಲಾಗದ ಸಾಲು ಸುಮ್ನೆ ಇರುತ್ತದೆ. ಸ್ವೆಲ್ಟ್ ಕಂಪೈಲರ್ (ನಾವು ಬರೆದ ಕೋಡನ್ನು ಮೊದಲೇ ಬೇರೆ ಕೋಡಾಗಿ ಬದಲಿಸುವ ಸಾಧನ) ಆದ್ದರಿಂದ ಯಾವ ಮೌಲ್ಯ ಬದಲಾದರೆ ಎಲ್ಲಿ ತಿದ್ದಬೇಕು ಅನ್ನುವ ಕೋಡನ್ನು ಮೊದಲೇ ಬರೆದಿಡುತ್ತದೆ. ಹಳೆಯ ಫೋನಿನಲ್ಲಿ ಮೆಮೋ ಇಲ್ಲದ ನಮ್ಮ ರಿಯಾಕ್ಟ್ ಸ್ಕ್ರೀನ್ ಕೈಗೆ ಭಾರ ಅನ್ನಿಸಿತು, ಮೆಮೋ ಹಾಕಿದ ಮೇಲೆ ಮೂರರಲ್ಲೂ ವ್ಯತ್ಯಾಸ ಗೊತ್ತಾಗಲಿಲ್ಲ. ಸೈಜಿನ ವಿಷಯ ಬೇಗ ಹೇಳಿಬಿಡುತ್ತೇನೆ. ಕಂಪ್ರೆಸ್ ಮಾಡಿದ ಮೇಲೆ ರಿಯಾಕ್ಟ್ 18 ಸುಮಾರು 40-45 ಕೆಬಿ, ವ್ಯೂ 3 ಅದಕ್ಕಿಂತ ಕಡಿಮೆ. ನಮ್ಮ ಸಂಘದ ಲೋಗೋ ಚಿತ್ರವೇ ಇವೆರಡಕ್ಕಿಂತ ದೊಡ್ಡದಿತ್ತು, ಮೊದಲು ಅದನ್ನು ಸಣ್ಣದು ಮಾಡಿದೆವು.

ಕೊನೆಗೆ ನಾವು ವ್ಯೂ ತಗೊಂಡೆವು. ಅದಕ್ಕೆ ಕಾರಣ ಸಂಘದ ಕಂಪ್ಯೂಟರ್ ನೋಡಿಕೊಳ್ಳುವ ಒಬ್ಬ ಹೆಣ್ಣುಮಗಳು. ಅವರಿಗೆ ಎಚ್‌ಟಿಎಂಎಲ್ ಬರುತ್ತದೆ, ಸ್ವಲ್ಪ ಪಿಎಚ್‌ಪಿ ಬರುತ್ತದೆ. ನಾಲ್ಕು ಫೈಲ್‌ಗಳನ್ನೂ ಅವರ ಮುಂದೆ ಇಟ್ಟು "ಇದರಲ್ಲಿ ಹೊಸ ಕಾಲಂ ಎಲ್ಲಿ ಸೇರಿಸ್ತೀರಿ?" ಅಂತ ಕೇಳಿದೆವು. ವ್ಯೂ ಮತ್ತು ಸ್ವೆಲ್ಟ್ ಫೈಲ್‌ಗಳಲ್ಲಿ ಯಾರೂ ಹೇಳಿಕೊಡದೆ ಸರಿಯಾದ ಸಾಲಿನ ಮೇಲೆ ಬೆರಳಿಟ್ಟರು. ರಿಯಾಕ್ಟ್ ಫೈಲಿನಲ್ಲಿ ಸಾಲುಗಳನ್ನು ಹುಟ್ಟಿಸುವ ಮ್ಯಾಪ್ ಮತ್ತು ಬ್ರ್ಯಾಕೆಟ್‌ಗಳ ನಡುವೆ ತಡವರಿಸಿದರು. ಆಂಗ್ಯುಲರ್‌ನಲ್ಲಿ ನಾವು ಟೆಂಪ್ಲೇಟ್ (ಎಚ್‌ಟಿಎಂಎಲ್ ಭಾಗ) ಬೇರೆ ಫೈಲಿನಲ್ಲಿ ಇಟ್ಟಿದ್ದರಿಂದ ಹುಡುಕಲು ಹೊತ್ತಾಯಿತು. ಮೂರು ವರ್ಷ ಆದ ಮೇಲೆ ನಾವು ಫೋನ್ ಎತ್ತದಿದ್ದರೂ ಆ ಸಂಘದ ಕೆಲಸ ನಿಲ್ಲಬಾರದು. ಸ್ವೆಲ್ಟ್ ನನಗೆ ಬರೆಯಲು ಎಲ್ಲಕ್ಕಿಂತ ಇಷ್ಟವಾಯಿತು, ಆದರೆ 2024ರ ಅಕ್ಟೋಬರ್‌ನಲ್ಲಿ ಬಂದ ಸ್ವೆಲ್ಟ್ 5 ಬರೆಯುವ ರೀತಿಯನ್ನೇ ಬದಲಿಸಿದೆ. ಹುಡುಕಿದರೆ ಹಳೆಯ ರೀತಿಯ ಉತ್ತರಗಳೂ ಹೊಸ ರೀತಿಯವೂ ಕಲೆತು ಸಿಗುತ್ತವೆ. ಒಬ್ಬರೇ ಕೂತು ಕಲಿಯುವವರಿಗೆ ಅದು ಕಷ್ಟ.

ಇಷ್ಟು ಓದಿ "ಹಾಗಾದರೆ ನಾನೂ ವ್ಯೂ ಕಲೀತೀನಿ" ಅನ್ನಬೇಡಿ. ಬೆಂಗಳೂರಲ್ಲಿ ಕೆಲಸ ಹುಡುಕುವವರಾದರೆ ರಿಯಾಕ್ಟ್ ಕಲಿಯಿರಿ, ಅದನ್ನು ಕೇಳುವ ಜಾಗಗಳೇ ಜಾಸ್ತಿ. ದೊಡ್ಡ ತಂಡ, ಬ್ಯಾಂಕ್ ಥರದ ಕೆಲಸ, ಎಲ್ಲರೂ ಒಂದೇ ರೀತಿ ಬರೆಯಬೇಕು ಅನ್ನುವ ಕಡೆ ಆಂಗ್ಯುಲರ್ ಒಳ್ಳೆಯದು. ಯಾವುದಕ್ಕೂ ಮೊದಲು ಬರೀ ಜಾವಾಸ್ಕ್ರಿಪ್ಟ್‌ನಲ್ಲಿ ಒಂದು ಫಾರ್ಮ್ ಮತ್ತು ಪಟ್ಟಿ ಕಟ್ಟಿ, ನಾಲ್ಕು ಕಡೆ ಅಂಕಿ ಬದಲಾಯಿಸುವ ಕಷ್ಟವನ್ನು ಒಂದು ಸಲ ಕೈಯಾರೆ ಅನುಭವಿಸಿ.

ನಮಗೆ ಈಗ ಉಳಿದಿರುವ ಕೆಲಸ ವಖಾರಿಯೊಳಗೆ ಸಿಗ್ನಲ್ ಹೋದಾಗ ತೂಕದ ನಮೂದು ಕಳೆದುಹೋಗದಂತೆ ಮಾಡುವುದು. ಅದಕ್ಕೆ ಬೇಕಾದ ಸರ್ವಿಸ್ ವರ್ಕರ್ (ನೆಟ್ ಇಲ್ಲದಾಗಲೂ ಪುಟ ತೆರೆಯಲು), ಇಂಡೆಕ್ಸ್ಡ್‌ಡಿಬಿ (ಫೋನಿನಲ್ಲೇ ಡೇಟಾ ಇಡಲು) ಎರಡೂ ಬ್ರೌಸರ್‌ನಲ್ಲೇ ಇವೆ, ಯಾವ ಫ್ರೇಮ್‌ವರ್ಕ್ ತಗೊಂಡಿದ್ದರೂ ಅಷ್ಟೇ ಕೆಲಸ ಇರುತ್ತಿತ್ತು. ಮುಂದಿನ ವಾರ ಮತ್ತೆ ಅದೇ ಫೋನ್‌ಗಳನ್ನು ಹಿಡಿದು ವಖಾರಿಗೆ ಹೋಗುತ್ತಿದ್ದೇವೆ.