ಹೇಳಿದ ಬೆಲೆಗಿಂತ ಎಷ್ಟು ಕಡಿಮೆಗೆ ಕೇಳಬೇಕು?

ಬಾಡಿಗೆಗೆ ಕೊಡಲೆಂದು ಬೆಂಗಳೂರಿನಲ್ಲಿ ಫ್ಲ್ಯಾಟ್ ಕೊಳ್ಳಲು ಹೊರಟ ಸ್ನೇಹಿತರೂ ಬಂಧುಗಳೂ ನನ್ನನ್ನು ತಪ್ಪದೆ ಕೇಳುವ ಪ್ರಶ್ನೆ ಇದು. ಶೇ 10 ಎಂದೋ 15 ಎಂದೋ ಹೇಳಿಬಿಡುತ್ತೇನೆಂದು ಅವರು ಕಾಯುತ್ತಾರೆ. ಅಂಥ ಸಂಖ್ಯೆ ನನ್ನಲ್ಲಿಲ್ಲ. ಮಾರುವವರು ಹೇಳಿದ ಬೆಲೆಯಿಂದ ಇಳಿಯುತ್ತ ಬರುವ ಚೌಕಾಶಿ ಅವರ ಲೆಕ್ಕದಲ್ಲೇ ನಡೆಯುತ್ತದೆ. ಹೂಡಿಕೆಗೆಂದು ಕೊಳ್ಳುವವರು ಬಾಡಿಗೆಯಿಂದ ಲೆಕ್ಕ ಆರಂಭಿಸಬೇಕು.

72 ಲಕ್ಷ ಹೇಳುತ್ತಿರುವ ಫ್ಲ್ಯಾಟಿಗೆ ತಿಂಗಳಿಗೆ 20,000 ರೂಪಾಯಿ ಬಾಡಿಗೆ ಎಂದುಕೊಳ್ಳೋಣ. ವರ್ಷದ 2,40,000 ರೂಪಾಯಿಯಲ್ಲಿ ಮನೆ ಖಾಲಿ ಬೀಳುವ ಒಂದು ತಿಂಗಳು, ನಿರ್ವಹಣಾ ಶುಲ್ಕ, ಆಸ್ತಿ ತೆರಿಗೆ, ಸುಣ್ಣಬಣ್ಣ ಎಲ್ಲ ಕಳೆದು 1,80,000 ಉಳಿಯಬಹುದು. ಕರ್ನಾಟಕದಲ್ಲಿ 45 ಲಕ್ಷ ಮೀರಿದ ಆಸ್ತಿಗೆ ಶೇ 5 ಮುದ್ರಾಂಕ ಶುಲ್ಕ, ಅದರ ಮೇಲೆ ಸೆಸ್ ಮತ್ತು ಸರ್‌ಚಾರ್ಜ್, 2025ರ ಆಗಸ್ಟ್ 31ರಿಂದ ಶೇ 2ಕ್ಕೆ ಏರಿದ ನೋಂದಣಿ ಶುಲ್ಕ ಸೇರಿ ನಗರದಲ್ಲಿ ಸುಮಾರು ಶೇ 7.6 ಖರ್ಚು ಬರುವುದರಿಂದ, ನಮಗೆ ಬೀಳುವ ನಿಜವಾದ ಬೆಲೆ 77 ಲಕ್ಷ ದಾಟುತ್ತದೆ. ಹೂಡಿದ ಹಣಕ್ಕೆ ವರ್ಷಕ್ಕೆ ಶೇ 3 ಹುಟ್ಟಬೇಕಾದರೆ ಎಲ್ಲ ಸೇರಿ 60 ಲಕ್ಷ ಮೀರಬಾರದು, ಅಂದರೆ ಮನೆಯ ಬೆಲೆ 56 ಲಕ್ಷದೊಳಗಿರಬೇಕು. ಇಷ್ಟು ಅಂತರವನ್ನು ಯಾವ ಚೌಕಾಶಿಯೂ ತುಂಬಲಾರದು. ಆಗಲೂ ಕೊಳ್ಳುವುದಾದರೆ, ಮುಂದೆ ಬೆಲೆ ಏರೀತೆಂಬ ನಂಬಿಕೆಯಿಂದ ಕೊಳ್ಳುತ್ತಿದ್ದೇನೆಂದು ತಮಗೆ ತಾವಾದರೂ ಒಪ್ಪಿಕೊಳ್ಳಬೇಕು.

ಕಡಿಮೆ ಕೇಳುವುದಕ್ಕೂ ಒಂದು ಮಿತಿಯಿದೆ. ಸರ್ಕಾರ ನಿಗದಿಪಡಿಸುವ ಮಾರ್ಗಸೂಚಿ ದರದ ಪ್ರಕಾರ 66 ಲಕ್ಷ ಬಾಳುವ ಮನೆಯನ್ನು 58 ಲಕ್ಷಕ್ಕೆ ಇಳಿಸಿ ಕೊಂಡರೂ ಮುದ್ರಾಂಕ ಶುಲ್ಕವನ್ನು 66 ಲಕ್ಷದ ಮೇಲೆಯೇ ಕಟ್ಟಬೇಕಾಗುತ್ತದೆ. ಮೇಲಾಗಿ, ವ್ಯತ್ಯಾಸವು ಕೊಂಡ ಬೆಲೆಯ ಶೇ 10ನ್ನು ಮೀರಿರುವುದರಿಂದ, ಆ 8 ಲಕ್ಷವನ್ನು ಕೊಂಡವರ ಆದಾಯವೆಂದೇ ಪರಿಗಣಿಸಿ ಆದಾಯ ತೆರಿಗೆ ಹಾಕಲಾಗುತ್ತದೆ.

ಮಾತುಕತೆಯಲ್ಲಿ ಹಲವರು ಎಡವುವುದು ಪ್ರತಿಬೆಲೆ ಹೇಳುವಾಗ. ನೀವು 62 ಎಂದಿರಿ, ಅವರು 68 ಎಂದರು, ನೀವು 65 ಎಂದಿರಿ. ಅವರು ಒಪ್ಪದಿದ್ದಾಗ ‘ಹೋಗಲಿ, 68ಕ್ಕೇ ಕೊಡಿ’ ಎಂದರೆ ಕೊಡಲೇಬೇಕೆಂಬ ಬಾಧ್ಯತೆ ಅವರಿಗಿಲ್ಲ. 1872ರ ಭಾರತೀಯ ಕರಾರು ಕಾಯ್ದೆಯ ಪ್ರಕಾರ ಒಪ್ಪಿಗೆ ಷರತ್ತಿಲ್ಲದೆ ಪೂರ್ಣವಾಗಿರಬೇಕು. ಪ್ರತಿಬೆಲೆ ಹೇಳಿದ ಕ್ಷಣದಲ್ಲೇ ಎದುರಿನವರ ಹಿಂದಿನ ಪ್ರಸ್ತಾಪ ಬಿದ್ದುಹೋಗುತ್ತದೆ. ಆದ್ದರಿಂದ 68 ನಿಮ್ಮ ಲೆಕ್ಕಕ್ಕೆ ಹೊಂದುವುದಾದರೆ, ಇನ್ನೊಂದು ಲಕ್ಷದ ಆಸೆಗೆ ಆಟ ಮುಂದುವರಿಸುವ ಮುನ್ನ ಯೋಚಿಸಬೇಕು.

ಮುಂಗಡದ ವಿಷಯದಲ್ಲಿ ನಾನೇ ಪಾಠ ಕಲಿತವನು. ದಲ್ಲಾಳಿಯ ಅವಸರಕ್ಕೆ ಮಣಿದು ಟೋಕನ್ ಕೊಟ್ಟ ಮೇಲೆ, ಆಸ್ತಿಯ ಮೇಲಿನ ಸಾಲ ಮತ್ತು ವಹಿವಾಟುಗಳನ್ನು ತೋರಿಸುವ ಋಣಭಾರ ಪತ್ರ (ಇಸಿ) ತೆಗೆಸಿ ನೋಡಿದರೆ ಮನೆ ಅಡಮಾನದಲ್ಲಿತ್ತು. ಕೊಟ್ಟ ಹಣ ಮರಳಿ ಬರುವಷ್ಟರಲ್ಲಿ ಐದು ತಿಂಗಳು ಕಳೆಯಿತು. ಈಗ ರಸೀದಿಯಲ್ಲೇ, ಇ-ಖಾತಾ (ಪಾಲಿಕೆಯ ಡಿಜಿಟಲ್ ಆಸ್ತಿ ದಾಖಲೆ) ಸಿಗದಿದ್ದರೆ, ದಾಖಲೆಗಳಲ್ಲಿ ದೋಷವಿದ್ದರೆ ಅಥವಾ ಬ್ಯಾಂಕ್ ಸಾಲ ಮಂಜೂರಾಗದಿದ್ದರೆ ಇಂತಿಷ್ಟು ದಿನದೊಳಗೆ ಮುಂಗಡ ಹಿಂದಿರುಗಿಸತಕ್ಕದ್ದು ಎಂದು ಬರೆಸುತ್ತೇನೆ. ಬೆಲೆ 50 ಲಕ್ಷ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಶೇ 1 ಟಿಡಿಎಸ್ (ಮಾರುವವರ ಲೆಕ್ಕಕ್ಕೆ ಕೊಳ್ಳುವವರೇ ಹಿಡಿದು ಸರ್ಕಾರಕ್ಕೆ ಕಟ್ಟುವ ತೆರಿಗೆ) ಅದೇ ಮೊತ್ತದಿಂದ ಕಡಿತವಾಗುತ್ತದೆಂದೂ ಆಗಲೇ ಹೇಳಿಬಿಡುತ್ತೇನೆ. ನೋಂದಣಿಯ ದಿನ ಅದನ್ನು ಕೇಳಿ ಮುನಿಸಿಕೊಂಡವರನ್ನು ಕಂಡಿದ್ದೇನೆ.

ಬೆಲೆ ಅಲುಗಾಡದಿರುವಾಗ ನಾನು ಬೆಲೆಯ ಮಾತು ಬಿಟ್ಟು, ಮಾರುವವರಿಗೆ ಬೇಕಾಗಿರುವುದೇನೆಂದು ಕೇಳುತ್ತೇನೆ. ನಾನು ಕೊಂಡ ಎರಡನೆಯ ಫ್ಲ್ಯಾಟಿನ ಮಾಲೀಕರು 68ರಿಂದ ಕದಲಿರಲಿಲ್ಲ. ಅವರ ಹೊಸ ಮನೆಯ ಕೆಲಸ ಮುಗಿದಿರಲಿಲ್ಲ, ಎರಡು ಸಲ ಸಾಮಾನು ಸಾಗಿಸುವ ಚಿಂತೆ ಅವರನ್ನು ಕಾಡುತ್ತಿತ್ತು. ನೋಂದಣಿಯಾದ ಮೇಲೂ ಮೂರು ತಿಂಗಳು ಬಾಡಿಗೆಯಿಲ್ಲದೆ ಅಲ್ಲೇ ಇರಿ ಎಂದೆ. ನನಗದು 60,000 ರೂಪಾಯಿಯ ಖರ್ಚು. ಅವರು 66ಕ್ಕೆ ಒಪ್ಪಿದರು.