80ರ ವೇಗದ ಗುಂಯ್: ಲಿಫ್ಟ್ ಆದಮೇಲೆ ಪಿನಿಯನ್ ಜತೆ ನಡೆದ ಜಗಳ

ಸಸ್ಪೆನ್ಷನ್ ಬದಲಿಸಿ ಗಾಡಿಯ ಮೈ ಎತ್ತರಿಸುವ ‘ಲಿಫ್ಟ್’ ಮಾಡಿಸಿದಮೇಲೆ ಶುರುವಾದ ನಡುಕ ನಿಂತು, ಕೊನೆಗೂ ಗಾಡಿಯ ನೆಲ ಸುಮ್ಮನಾಗಿದೆ. ಏಳು ಸೀಟು, ಲ್ಯಾಡರ್ ಫ್ರೇಮ್, ಪಾರ್ಟ್ ಟೈಮ್ ಫೋರ್ ವೀಲ್, ಮುಂದೆ ಡಬಲ್ ವಿಶ್‌ಬೋನ್, ಹಿಂದೆ ಫೋರ್ ಲಿಂಕ್ (ಆಕ್ಸಲನ್ನು ಫ್ರೇಮಿಗೆ ಹಿಡಿದಿಡುವ ಸರಳುಗಳು, ಎರಡು ಮೇಲೆ, ಎರಡು ಕೆಳಗೆ) ಮತ್ತು ಪ್ಯಾನ್‌ಹಾರ್ಡ್ ರಾಡ್ (ಆಕ್ಸಲ್ ಪಕ್ಕಕ್ಕೆ ಸರಿಯದಂತೆ ಹಿಡಿಯುವ ಸರಳು) ಇರುವ ಇಡಿಯ ಆಕ್ಸಲ್. ನಿಮಗೆಲ್ಲ ಗೊತ್ತಿರುವ ಮಾದರಿಯ ಗಾಡಿಯೇ. ಸ್ಟ್ರಟ್ ಬದಲಿಸಿದ್ದು, ಬ್ರೇಕ್ ಪೈಪಿನ ಬ್ರಾಕೆಟ್ ಇಳಿಸಿದ್ದು, ಬ್ರೀದರ್ ಹೋಸ್ ಮೇಲಕ್ಕೆ ಒಯ್ದದ್ದು, ಪ್ಯಾನ್‌ಹಾರ್ಡ್ ಹೊಂದಿಸಿ ಆಕ್ಸಲ್ ಮಧ್ಯಕ್ಕೆ ತಂದದ್ದು, 265/65 ಆರ್17 ಟೈರು ಇಳಿಸಿ 265/70 ಆರ್17 ಏರಿಸಿದ್ದು, ಅಲೈನ್‌ಮೆಂಟ್ ಮುಗಿಸಿದ್ದು, ಇವನ್ನೆಲ್ಲ ಬರೆದು ತಲೆ ತಿನ್ನುವುದಿಲ್ಲ. ಅವೆಲ್ಲ ಹೇಗೆ ಆಗಬೇಕೋ ಹಾಗೆ ಆದವು. ಆಗದೆ ಕಾಡಿದ್ದು ಒಂದೇ: ಜಿಪಿಎಸ್ ಲೆಕ್ಕದ 75ರಿಂದ 90 ಕಿ.ಮೀ. ವೇಗದ ನಡುವೆ ನೆಲದಿಂದ ಏಳುವ ಗುಂಯ್ ಎಂಬ ನಡುಕ. ಎರಡನೇ ಸಾಲಿನ ಸೀಟಿನ ಕೆಳಗೆ ಅದು ಅತಿ ಜೋರು. ಆಕ್ಸಿಲರೇಟರ್ ಹಗುರವಾಗಿ ಒತ್ತಿದಾಗ ಹೆಚ್ಚು, ಪೂರ್ತಿ ಬಿಟ್ಟರೆ ಸ್ವರ ಬದಲಾಗುತ್ತದೆ, ಹೋಗುವುದಿಲ್ಲ.

ಲಿಫ್ಟ್ ಆದಮೇಲೆ ನಡುಕ ಬಂತು ಎಂದರೆ ಟೈರ್ ಬ್ಯಾಲೆನ್ಸ್ ಮಾಡಿಸಿ ಎನ್ನುವುದು ಎಲ್ಲರ ಬಾಯಲ್ಲಿರುವ ಮೊದಲ ಮಾತು. ಮಾಡಿಸಿ, ಬೇಡ ಎನ್ನುವುದಿಲ್ಲ. ಆದರೆ ಅದಕ್ಕೂ ಮೊದಲು ಕಾಗದ ತೆಗೆದು ಲೆಕ್ಕ ಹಾಕಿ. 265/70 ಆರ್17 ಟೈರಿನ ಹೊರವ್ಯಾಸ ಸುಮಾರು 803 ಮಿ.ಮೀ. ಭಾರ ಹೊತ್ತು ಉರುಳುವಾಗ ಒಂದು ಕಿಲೋಮೀಟರಿಗೆ ಹೆಚ್ಚುಕಡಿಮೆ 410 ಸುತ್ತು. ಅಂದರೆ 80ರಲ್ಲಿ ಚಕ್ರ ಸೆಕೆಂಡಿಗೆ 9.1 ಸುತ್ತು ತಿರುಗುತ್ತದೆ. ಡಿಫರೆನ್ಷಿಯಲ್ ಅನುಪಾತ 3.909, ಹಾಗಾಗಿ ಎಂಜಿನ್ ಕಡೆಯಿಂದ ಹಿಂದಿನ ಆಕ್ಸಲ್‌ಗೆ ಎಳೆತ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ ಚಕ್ರದ ಅಷ್ಟು ಪಟ್ಟು, ಅಂದರೆ ಸೆಕೆಂಡಿಗೆ 35.6 ಸುತ್ತು. ಟೈರಿನ ದೋಷವಾದರೆ 9 ಅಥವಾ 18 ಹರ್ಟ್ಸ್ (ಸೆಕೆಂಡಿಗೆ ಅಷ್ಟು ಸಲ ನಡುಕ), ಶಾಫ್ಟಿನ ತೂಕ ಏರುಪೇರಾದರೆ 35.6, ಶಾಫ್ಟಿನ ಕೋನದ ದೋಷವಾದರೆ ಅದರ ದುಪ್ಪಟ್ಟು, ಅಂದರೆ 71. ಈ ಲೆಕ್ಕಕ್ಕೆ ಗಾಡಿಯ ಸ್ಪೀಡೋಮೀಟರ್ ನಂಬಬೇಡಿ. ಟೈರ್ ಬದಲಿಸಿದ್ದರಿಂದಲೇ ಅದು 3.4 ಶೇಕಡಾ ಸರಿದಿದೆ.

ಮೊಬೈಲ್ ಫೋನನ್ನು ಸೀಟ್ ರೈಲಿಗೆ ಟೇಪ್ ಸುತ್ತಿ ಕಟ್ಟಿ, ಕಂಪನ ಅಳೆಯುವ ಆ್ಯಪ್ ಓಡಿಸಿದರೆ ಶಿಖರ ಎದ್ದದ್ದು 29 ಹರ್ಟ್ಸ್‌ನಲ್ಲಿ. ಯಾವ ಲೆಕ್ಕಕ್ಕೂ ಕೂರದ ಸಂಖ್ಯೆ! ಎಳೆದು ತಂದರೆ ಟೈರಿನ ಮೂರು ಪಟ್ಟಿಗೆ, ಅಂದರೆ 27ಕ್ಕೆ ಹತ್ತಿರ. ಟೈರ್ ಅಂಗಡಿಗೆ ಓಡಿಸುವ ಸಂಖ್ಯೆ ಅದು. ಬಲೆ ಇರುವುದೇ ಇಲ್ಲಿ. ಆ್ಯಪ್ ಸೆಕೆಂಡಿಗೆ 100 ಸಲ ಮಾತ್ರ ಅಳತೆ ತೆಗೆಯುತ್ತಿದ್ದರೆ 50 ಹರ್ಟ್ಸ್‌ಗಿಂತ ಮೇಲಿನದ್ದು ಅದಕ್ಕೆ ಕಾಣುವುದಿಲ್ಲ. ಕಾಣದ್ದು ಸುಮ್ಮನೆ ಮಾಯವಾಗುವುದೂ ಇಲ್ಲ, ಮಡಚಿಕೊಂಡು ಕೆಳಗೆ ಬಂದು ಕೂರುತ್ತದೆ. ನೂರರಲ್ಲಿ 71 ಕಳೆದರೆ 29. ಪರೀಕ್ಷೆ ಸುಲಭ. ವೇಗವನ್ನು 80ರಿಂದ 85ಕ್ಕೆ ಏರಿಸಿ. ನಿಜವಾದ ಟೈರ್ ಕಂಪನವಾದರೆ ಶಿಖರ ಬಲಕ್ಕೆ ಸರಿಯಬೇಕು. ಇಲ್ಲಿ ಅದು 24ಕ್ಕೆ ಇಳಿಯಿತು. ವೇಗ ಏರಿದಂತೆ ಕಂಪನದ ಸಂಖ್ಯೆ ಇಳಿದರೆ ಕಂಡದ್ದು ನೆರಳು, ಅಸಲಿ ಅಲ್ಲ. ಅಳತೆಯ ದರವನ್ನು 200ಕ್ಕೆ ಏರಿಸಿದ ಕೂಡಲೇ ಅಸಲಿ 71ರಲ್ಲಿ ಎದ್ದು ನಿಂತಿತು.

ಇನ್ನೂ ಅನುಮಾನವಿದ್ದವರಿಗೆ: ಹಿಂದಿನ ಪ್ರೊಪೆಲ್ಲರ್ ಶಾಫ್ಟ್ ಪೂರ್ತಿ ಬಿಚ್ಚಿಟ್ಟು 4ಎಚ್ (ನಾಲ್ಕು ಚಕ್ರದ ಎಳೆತ) ಹಾಕಿದರೆ ಗಾಡಿ ಮುಂದಿನ ಚಕ್ರಗಳ ಮೇಲೆ ಓಡುತ್ತದೆ. ಹಿಂದೆ ಕೊಂಡಿಯೇ ಇಲ್ಲದ ಕಾರಣ ಒಣ ರಸ್ತೆಯಲ್ಲೂ ಟ್ರಾನ್ಸ್‌ಫರ್ ಕೇಸ್ (ಎಳೆತವನ್ನು ಮುಂದಕ್ಕೂ ಹಿಂದಕ್ಕೂ ಹಂಚುವ ಗೇರ್ ಪೆಟ್ಟಿಗೆ) ಬಿಗಿದುಕೊಳ್ಳುವ ಭಯವಿಲ್ಲ. ಆದರೆ ಟ್ರಾನ್ಸ್‌ಫರ್ ಕೇಸಿನ ಹಿಂದೆ ಬೋಲ್ಟ್ ಹಾಕುವ ಫ್ಲ್ಯಾಂಜ್ ಇದ್ದರೆ ಮಾತ್ರ ಇದನ್ನು ಮಾಡಿ. ಬೋಲ್ಟ್ ಇಲ್ಲದೆ ಕೇಸಿನೊಳಗೆ ಜಾರಿ ಕೂರುವ ಸ್ಲಿಪ್ ಯೋಕ್ ಇದ್ದರೆ ಎಣ್ಣೆಯೆಲ್ಲ ನೆಲದ ಪಾಲು. ಇನ್ನೊಂದು, ಶಾಫ್ಟ್ ಇಲ್ಲದಾಗ 2ಎಚ್‌ನಲ್ಲಿ (ಹಿಂದಿನ ಎರಡು ಚಕ್ರದ ಎಳೆತ) ಗೇರು ಹಾಕಿ ನಿಲ್ಲಿಸಿದರೂ, ಆಟೊಮ್ಯಾಟಿಕ್‌ನಲ್ಲಿ ಪಾರ್ಕ್‌ಗೆ ಹಾಕಿದರೂ ಯಾವ ಚಕ್ರವೂ ಹಿಡಿದಿರುವುದಿಲ್ಲ. ಹ್ಯಾಂಡ್‌ಬ್ರೇಕ್ ಮತ್ತು ಚಕ್ರಕ್ಕೆ ಅಡೆ ಎರಡೂ ಬೇಕು. ಹೀಗೆ ಓಡಿಸಿದಾಗ ಗುಂಯ್ ಪೂರ್ತಿ ಮಾಯ. ತಪ್ಪಿತಸ್ಥ ಹಿಂದಿನ ಶಾಫ್ಟೇ ಎಂದು ಖಾತ್ರಿಯಾಯಿತು.

ಶಾಫ್ಟಿಗೇನಾಗಿದೆ? ಏನೂ ಆಗಿಲ್ಲ. ತುದಿಗಳಲ್ಲಿರುವ ಯೂನಿವರ್ಸಲ್ ಜಾಯಿಂಟ್‌ಗಳ (ಬಾಗಿಯೂ ತಿರುಗುವ ಕೀಲು) ಕ್ರಾಸ್‌ಗಳು ಬಿಗಿಯಾಗಿವೆ, ಅವನ್ನು ಹಿಡಿಯುವ ಕವಲುಗಳು, ಅಂದರೆ ಎರಡೂ ತುದಿಯ ಯೋಕ್‌ಗಳು ಒಂದೇ ಸಾಲಿನಲ್ಲಿವೆ. (ಬಿಚ್ಚುವ ಮುನ್ನ ಸ್ಲಿಪ್ ಜಾಯಿಂಟಿನ ಮೇಲೆ ಬಣ್ಣದ ಗೆರೆ ಎಳೆಯದವರು ಮೊದಲು ಈ ಸಾಲು ಸರಿಯಿದೆಯೇ ನೋಡಿಕೊಳ್ಳಿ, ಒಂದು ಹಲ್ಲು ಸರಿದು ಕೂತರೂ ಇದೇ ಲಕ್ಷಣ.) ಕೋನದಲ್ಲಿ ಬಾಗಿದ ಯೂನಿವರ್ಸಲ್ ಜಾಯಿಂಟ್ ಒಂದು ಸುತ್ತಿಗೆ ಎರಡು ಸಲ ವೇಗ ಹೆಚ್ಚಿಸಿ ಎರಡು ಸಲ ಇಳಿಸುತ್ತದೆ. ಮುಂದಿನ ಜಾಯಿಂಟ್ ಮಾಡಿದ ಈ ಕುಚೇಷ್ಟೆಯನ್ನು ಹಿಂದಿನದು ಅಷ್ಟೇ ಪ್ರಮಾಣದಲ್ಲಿ ಉಲ್ಟಾ ಮಾಡಿ ಅಳಿಸಬೇಕು. ಅದಕ್ಕೆ ಎರಡೂ ಕಡೆಯ ಕೋನ ಸಮ ಇರಬೇಕು. ಇಲ್ಲದಿದ್ದರೆ ಎತ್ತು ಏರಿಗೆ, ಕೋಣ ನೀರಿಗೆ.

ಡಿಜಿಟಲ್ ಆ್ಯಂಗಲ್ ಗೇಜ್ ತೆಗೆದುಕೊಂಡು, ಗಾಡಿ ಚಕ್ರದ ಮೇಲೆ ನಿಂತಿರುವಾಗಲೇ ಅಳೆಯಬೇಕು. ಜಾಕ್ ಕೊಟ್ಟು ಆಕ್ಸಲ್ ಜೋತಾಡುವಾಗ ಅಳೆದ ಸಂಖ್ಯೆ ಕಸದ ಬುಟ್ಟಿಗೆ. ಹಿಂದಿನ ಬಂಪರನ್ನು ನಾಲ್ಕಾರು ಸಲ ಒತ್ತಿ ಬಿಟ್ಟು ಸ್ಪ್ರಿಂಗ್ ತನ್ನ ಜಾಗಕ್ಕೆ ಕೂರಲಿ. ಗೇಜನ್ನು ಒಮ್ಮೆ ಸೊನ್ನೆ ಮಾಡಿದ ಮೇಲೆ ಮತ್ತೆ ಮುಟ್ಟಬೇಡಿ. ನಮಗೆ ಬೇಕಿರುವುದು ವ್ಯತ್ಯಾಸ, ನೆಲ ಅಷ್ಟಿಷ್ಟು ಓರೆಯಿದ್ದರೂ ಪರವಾಗಿಲ್ಲ. ಅಳೆಯುವ ಜಾಗ ಯಂತ್ರದಲ್ಲಿ ಕಡೆದ ನುಣುಪು ಮುಖವಾಗಿರಲಿ, ಎರಕದ ಒರಟು ಮೈಯಲ್ಲ.

ಹಿಂದಕ್ಕೆ ಇಳಿಜಾರು ಎಂದು ಹಿಡಿದರೆ, ಲಿಫ್ಟ್‌ಗೆ ಮೊದಲು ಟ್ರಾನ್ಸ್‌ಫರ್ ಕೇಸ್ 3.0 ಡಿಗ್ರಿ, ಶಾಫ್ಟ್ 6.0, ಪಿನಿಯನ್ (ಶಾಫ್ಟ್ ಹಿಂದೆ ಬಂದು ಸೇರುವ ಡಿಫರೆನ್ಷಿಯಲ್ ಗೇರು) 3.0. ಪಕ್ಕಪಕ್ಕದ ಎರಡರ ವ್ಯತ್ಯಾಸವೇ ಜಾಯಿಂಟಿನ ಕೋನ: ಮುಂದೆ 3, ಹಿಂದೆ 3, ಸಮಸಮ. ಈಗ ಟ್ರಾನ್ಸ್‌ಫರ್ ಕೇಸ್ ಅದೇ 3.0, ಶಾಫ್ಟ್ 9.0, ಪಿನಿಯನ್ 1.5. ಅಂದರೆ ಮುಂದೆ 6.0, ಹಿಂದೆ 7.5. ಈ ಗಾಡಿಯಲ್ಲಿ ಮೇಲಿನ ಲಿಂಕ್‌ಗಳು ಕೆಳಗಿನವಕ್ಕಿಂತ ಗಿಡ್ಡ. ಆಕ್ಸಲ್ ಕೆಳಗಿಳಿದಂತೆ ಗಿಡ್ಡ ಲಿಂಕ್ ತನ್ನ ತುದಿಯನ್ನು ಹೆಚ್ಚು ಮುಂದಕ್ಕೆ ಎಳೆಯುತ್ತದೆ, ಹೌಸಿಂಗ್‌ನ ತಲೆ ಮುಂದಕ್ಕೆ ವಾಲಿ ಪಿನಿಯನ್ ಮೂಗು ಕೆಳಗಾಗುತ್ತದೆ. ನಿಮ್ಮ ಗಾಡಿಯ ಲಿಂಕ್ ಜೋಡಣೆ ಬೇರೆಯಾದರೆ ಮೂಗು ಮೇಲಕ್ಕೂ ಹೋಗಬಹುದು, ಆದ್ದರಿಂದ ಈ ಸಂಖ್ಯೆಗಳನ್ನು ನಕಲು ಹೊಡೆಯಬೇಡಿ.

ಒಂದೂವರೆ ಡಿಗ್ರಿ ಏನು ಮಹಾ ಎನ್ನಿಸುತ್ತದೆ. ಆದರೆ ಇಲ್ಲಿ ಕೂಡಿ ಕಳೆಯುವ ಲೆಕ್ಕ ನಡೆಯುವುದಿಲ್ಲ, ವರ್ಗದ ಲೆಕ್ಕ ನಡೆಯುತ್ತದೆ. 7.5ರ ವರ್ಗ 56.25, ಅದರಲ್ಲಿ 6ರ ವರ್ಗ 36 ಕಳೆದರೆ 20.25, ಅದರ ವರ್ಗಮೂಲ 4.5. ಅಂದರೆ 4.5 ಡಿಗ್ರಿ ಬಾಗಿದ ಒಂಟಿ ಜಾಯಿಂಟ್ ಇಟ್ಟುಕೊಂಡು ಓಡಿಸಿದಷ್ಟೇ ನಡುಕ. ಇದೇ ಒಂದೂವರೆ ಡಿಗ್ರಿ ವ್ಯತ್ಯಾಸ 3 ಮತ್ತು 4.5ರ ನಡುವೆ ಇದ್ದಿದ್ದರೆ ಉಳಿಯುತ್ತಿದ್ದದ್ದು 3.4 ಮಾತ್ರ. ಲಿಫ್ಟ್ ಹೆಚ್ಚಾದಷ್ಟೂ ಸಣ್ಣ ತಪ್ಪಿಗೆ ದೊಡ್ಡ ದಂಡ.

ಈಗ ಲಿಫ್ಟ್ ಸ್ಪ್ರಿಂಗ್ ಪೂರೈಕೆದಾರರ ವಿಷಯಕ್ಕೆ. ಪೆಟ್ಟಿಗೆಯ ಮೇಲೆ 40 ಮಿ.ಮೀ. ಲಿಫ್ಟ್, 0-100 ಕೆ.ಜಿ. ಖಾಯಂ ಭಾರಕ್ಕೆ ಎಂದಿತ್ತು. ಹಬ್‌ನ ನಡುವಿನಿಂದ ಫೆಂಡರ್ ಅಂಚಿಗೆ ಅಳೆದರೆ ಹಿಂದೆ 60 ಮಿ.ಮೀ. ಏರಿದೆ. ಕೇಳಿದರೆ ‘ಓಡಿಸಿ ಸಾರ್, ಕೂತ್ಕೊಳತ್ತೆ’. ಹೊಸ ಸ್ಪ್ರಿಂಗ್ ಐದೋ ಹತ್ತೋ ಮಿ.ಮೀ. ಕೂರುವುದು ನಿಜ, ಇಪ್ಪತ್ತು ಕೂತರೆ ಅದು ಸ್ಪ್ರಿಂಗ್ ಅಲ್ಲ, ದಿಂಬು. ವರ್ನಿಯರ್ ಹಿಡಿದು ಪೌಡರ್ ಕೋಟಿಂಗ್ ಕಳೆದು ತಂತಿಯ ದಪ್ಪ ಅಳೆದರೆ 15.5 ಮಿ.ಮೀ.; ಅವರದೇ ಪಟ್ಟಿಯಲ್ಲಿ ಈ ಭಾರಕ್ಕೆ 14.5. ಒಂದು ಮಿ.ಮೀ. ಅಷ್ಟೇ ಎನ್ನಬೇಡಿ. ಸ್ಪ್ರಿಂಗಿನ ಬಿಗಿತ ತಂತಿಯ ದಪ್ಪದ ನಾಲ್ಕನೇ ಘಾತಕ್ಕೆ ಏರುತ್ತದೆ, ಸುತ್ತುಗಳ ಸಂಖ್ಯೆ ಮತ್ತು ವ್ಯಾಸ ಒಂದೇ ಇದ್ದರೆ 30 ಶೇಕಡಾ ಹೆಚ್ಚು ಬಿಗಿ. ಡಬ್ಬಿ ಮೇಲಿನ ಚೀಟಿ ಒಂದು, ಒಳಗಿನ ಸರಕು ಇನ್ನೊಂದು. ಹಳೆಯ ಸ್ಪ್ರಿಂಗ್ ಬಿಚ್ಚುವ ಮೊದಲೇ ಹೊಸದರ ತಂತಿ ಅಳೆದು ಫೋಟೊ ತೆಗೆದಿಟ್ಟುಕೊಳ್ಳಿ; ಜೋಡಿಸಿದ ಮೇಲೆ ವಾಪಸ್ ಕೊಡುವ ಮಾತೇ ಎತ್ತಲು ಬಿಡುವುದಿಲ್ಲ.

ಸರಿಯಾದ ಸ್ಪ್ರಿಂಗ್ ಬಂದರೂ ಲಿಂಕ್ ಬದಲಿಸುವುದು ತಪ್ಪಲಿಲ್ಲ. 40 ಮಿ.ಮೀ. ಲಿಫ್ಟ್‌ನಲ್ಲಿ ಮುಂದೆ 5, ಹಿಂದೆ 6, ಉಳಿಯುವುದು 3.3 ಡಿಗ್ರಿ. ಗುಂಯ್ ಕಡಿಮೆಯಾಯಿತು, ಹೋಗಲಿಲ್ಲ. ಲೀಫ್ ಸ್ಪ್ರಿಂಗ್ ಗಾಡಿಯವರು ಒಂದು ಬೆಣೆ ತೂರಿಸಿ ಕೈತೊಳೆದುಕೊಳ್ಳುತ್ತಾರೆ, ನಮಗೆ ಆ ಭಾಗ್ಯವಿಲ್ಲ. ಉದ್ದ ಹೊಂದಿಸಬಹುದಾದ ಮೇಲಿನ ಲಿಂಕ್‌ಗಳೇ ದಾರಿ. ತುದಿಯಲ್ಲಿ ರಬ್ಬರ್ ಬುಶ್ ಇರುವವನ್ನೇ ಆರಿಸಿ. ಲೋಹದ ಗುಂಡಿನ ಜಾಯಿಂಟ್ ನೋಡಲು ಚೆಂದ, ಆದರೆ ಧೂಳು ಕುಡಿದು ಲೊಡಲೊಡ ಎನ್ನಲು ತಡವಿಲ್ಲ, ಹಿಂದೆ ಮಕ್ಕಳು ಮಲಗುವ ಗಾಡಿಗೆ ಅದು ಬೇಡ.

ಆಕ್ಸಲ್ ಮೇಲೆ ಮೇಲಿನ ಮತ್ತು ಕೆಳಗಿನ ಲಿಂಕ್ ಬೋಲ್ಟ್‌ಗಳ ನಡುವಿನ ಎತ್ತರ 210 ಮಿ.ಮೀ. ಆದ್ದರಿಂದ ಮೇಲಿನ ಲಿಂಕ್ 3.7 ಮಿ.ಮೀ. ಉದ್ದವಾದರೆ ಪಿನಿಯನ್ ಮೂಗು ಒಂದು ಡಿಗ್ರಿ ಏಳುತ್ತದೆ. ಬೇಕಿರುವುದು ಸರಿಯಾಗಿ ಒಂದು ಡಿಗ್ರಿ, ಆದರೆ ಅಷ್ಟನ್ನೂ ಕೊಡಬಾರದು. ಎಂಜಿನ್ ಎಳೆಯುವಾಗ ಬುಶ್‌ಗಳು ಹಿಸುಕಿಕೊಂಡು ಮೂಗು ತಾನಾಗಿ ಸ್ವಲ್ಪ ಏಳುತ್ತದೆ, ಅದಕ್ಕೆ 0.4 ಬಿಟ್ಟಿದ್ದೇವೆ. ಹಾಗಾಗಿ ಕೊಟ್ಟಿದ್ದು 0.6 ಡಿಗ್ರಿ, ಸುಮಾರು 2.2 ಮಿ.ಮೀ. ಇದಕ್ಕೆ ಇನ್ನೊಂದು ಕಾರಣವೂ ಇದೆ. ಏಳು ಜನ, ಸಾಮಾನು ತುಂಬಿದಾಗ ಹಿಂಭಾಗ ಕೂತು ಶಾಫ್ಟ್ ಹಳೆಯ 6 ಡಿಗ್ರಿಗೆ ಮರಳುತ್ತದೆ, ಪಿನಿಯನ್ ಮಾತ್ರ 3.6ರಲ್ಲಿ ನಿಲ್ಲುತ್ತದೆ, ಎಳೆತ ಸೇರಿದರೆ 4.0. ಆಗ ಮುಂದೆ 3, ಹಿಂದೆ 2, ಉಳಿಯುವುದು 2.2. ಇದು ಸಹಿಸಬಹುದಾದ ಪ್ರಮಾಣ. ಖಾಲಿ ಗಾಡಿಯಲ್ಲಿ ಸೊನ್ನೆ ತರುವ ಹಟಕ್ಕೆ ಬಿದ್ದು ಪೂರ್ತಿ ಕೊಟ್ಟವರಿಗೆ ತುಂಬಿದ ಗಾಡಿ ಗುನುಗುತ್ತದೆ.

ಎಡ-ಬಲ ಲಿಂಕ್‌ಗಳ ಉದ್ದ ಕೂದಲೆಳೆಯಷ್ಟೂ ಬೇರೆಯಾಗಬಾರದು. ಟೇಪ್ ಹಿಡಿದು ಆಗುವ ಕೆಲಸವಲ್ಲ. ದಪ್ಪ ಹಲಗೆಗೆ ಎರಡು ಬೋಲ್ಟ್ ನಿಲ್ಲಿಸಿ, ಮೊದಲ ಲಿಂಕನ್ನು ಅದರಲ್ಲಿ ಕೂರಿಸಿ ಉದ್ದ ಗೊತ್ತುಮಾಡಿಕೊಂಡು, ಎರಡನೆಯದನ್ನು ಅದೇ ಬೋಲ್ಟ್‌ಗಳಿಗೆ ಹೊಂದುವ ತನಕ ತಿರುಗಿಸಿ. ಲಾಕ್ ನಟ್ ಬಿಗಿದು ಬಣ್ಣದ ಗೆರೆ ಹಾಕಿ, ಸಡಿಲವಾದರೆ ಗೆರೆ ಮುರಿದು ಹೇಳುತ್ತದೆ. ಬುಶ್ ಬೋಲ್ಟ್‌ಗಳ ಕೊನೆಯ ಬಿಗಿತ ಗಾಡಿ ನೆಲದ ಮೇಲೆ ನಿಂತ ಮೇಲೆಯೇ. ಗಾಳಿಯಲ್ಲಿ ಬಿಗಿದರೆ ರಬ್ಬರು ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ.

ಡಬಲ್ ಕಾರ್ಡನ್ ಶಾಫ್ಟ್ (ಮುಂದಿನ ತುದಿಯಲ್ಲಿ ಎರಡು ಜಾಯಿಂಟ್ ಜೋಡಿಯಾಗಿರುವಂಥದ್ದು) ಹಾಕಿದರೆ ಆಗದೇ ಎಂದು ಕೇಳುವವರಿದ್ದಾರೆ. ಆಗ ಪಿನಿಯನ್ ನೇರವಾಗಿ ಶಾಫ್ಟಿನ ದಿಕ್ಕಿಗೇ ನೋಡಬೇಕು, ಅಂದರೆ 2ರಿಂದ 8 ಡಿಗ್ರಿಗೆ ಏಳಬೇಕು. ಲಿಂಕ್ 22 ಮಿ.ಮೀ. ಉದ್ದವಾಗಬೇಕು, ಬುಶ್ ಹಿಡಿದುಕೊಳ್ಳುತ್ತದೆ, ಮೂಗು ಎದ್ದ ಪಿನಿಯನ್‌ನ ಮುಂದಿನ ಬೇರಿಂಗಿಗೆ ಎಣ್ಣೆ ತಲುಪುವುದು ಕಷ್ಟ. ಸೌಮ್ಯ ಆಫ್‌ರೋಡಿಗೆ ಇಷ್ಟೆಲ್ಲ ಯಾಕೆ?

ಹೀಗೆ ಗುಂಯ್ ಅಡಗಿದ ಹುಮ್ಮಸ್ಸಿನಲ್ಲಿ ಎರಡನೇ ಬ್ಯಾಟರಿಯ ಯೋಜನೆ ಎದ್ದು ಕೂತಿದೆ. 100 ಆಂಪಿಯರ್-ಅವರ್ ಲಿಥಿಯಂ ಐರನ್ ಫಾಸ್ಫೇಟ್, 12.8 ವೋಲ್ಟ್, ಅಂದರೆ 1280 ವ್ಯಾಟ್-ಅವರ್. ಬಾನೆಟ್ ಕೆಳಗಿನ ಬಿಸಿ ಇದಕ್ಕೆ ಆಗಿಬರದು, ಜಾಗ ಮೂರನೇ ಸಾಲಿನ ಹಿಂದೆಯೇ. 25 ಆಂಪಿಯರಿನ ಡಿಸಿ-ಡಿಸಿ ಚಾರ್ಜರ್ (ಗಾಡಿಯ ಕರೆಂಟಿನಿಂದ ಎರಡನೇ ಬ್ಯಾಟರಿ ತುಂಬಿಸುವುದು), ಮುಂದಿನಿಂದ ಹಿಂದಕ್ಕೆ 5 ಮೀಟರ್ 16 ಚದರ ಮಿ.ಮೀ. ತಾಮ್ರದ ತಂತಿ. ಚಾರ್ಜರ್ ಒಳಗೆ 30 ಆಂಪಿಯರ್ ಎಳೆದರೂ ತಂತಿಯಲ್ಲಿ ಕಳೆದುಹೋಗುವುದು 0.16 ವೋಲ್ಟ್. ಎರಡೂ ತುದಿಗೆ ಫ್ಯೂಸ್, ಬ್ಯಾಟರಿಗೆ ಎಷ್ಟು ಹತ್ತಿರವೋ ಅಷ್ಟು ಒಳ್ಳೆಯದು. ಅದರ ಜತೆಗೆ ಡ್ರಾಯರ್ ಪೆಟ್ಟಿಗೆ. ಪ್ಲೈವುಡ್ 12 ಮಿ.ಮೀ. ಸಾಕು, 18 ಹಾಕಿದರೆ ಖಾಲಿ ಪೆಟ್ಟಿಗೆಯೇ ಒಬ್ಬ ಪ್ರಯಾಣಿಕ.

ತಮಾಷೆ ಏನೆಂದರೆ ಇದು ಮತ್ತೆ ಪಿನಿಯನ್‌ಗೇ ಬಂದು ನಿಲ್ಲುತ್ತದೆ. ಬ್ಯಾಟರಿ, ಪೆಟ್ಟಿಗೆ, ತಂತಿ ಸೇರಿ 60 ಕೆ.ಜಿ. ಆಕ್ಸಲ್ ಮೇಲೆ ಬಿದ್ದರೆ, ಒಂದೊಂದು ಸ್ಪ್ರಿಂಗ್ ಮಿ.ಮೀ.ಗೆ 35 ನ್ಯೂಟನ್ ಇದ್ದಾಗ, ಹಿಂಭಾಗ 8 ಮಿ.ಮೀ. ಕೂರುತ್ತದೆ. ಶಾಫ್ಟ್ 0.4 ಡಿಗ್ರಿ ಚಪ್ಪಟೆ, ಪಿನಿಯನ್ 0.2 ಮೇಲಕ್ಕೆ. ಆಗ ಬೇಕಾಗುವುದು 2.2 ಅಲ್ಲ, 1.5 ಮಿ.ಮೀ. ಹಾಗಾಗಿ ಲಿಂಕ್‌ನ ಲಾಕ್ ನಟ್‌ಗೆ ಗ್ರೀಸು ಹಚ್ಚಿ ಮೇಲೆ ರಬ್ಬರ್ ಟೋಪಿ ಹಾಕಿಟ್ಟಿದೆ, ಡ್ರಾಯರ್ ಕೂತ ದಿನ ಅದನ್ನು ಮತ್ತೆ ಸಡಿಲಿಸಬೇಕು. ಬ್ಯಾಟರಿ ಬರುವ ಮುನ್ನ ಅದರ ತೂಕದ ಮರಳಿನ ಚೀಲ ಅದೇ ಜಾಗದಲ್ಲಿಟ್ಟು ಕೋನ ಅಳೆದು ನೋಡುವುದು ಮುಂದಿನ ಕೆಲಸ.